ವಿದೇಶಿ ಮೇಳಕ್ಕೆ ಮೊದಲ ಸಲ ಹೊರಟವರಿಗೆ

ಪ್ರಶ್ನೆ: ಚನ್ನಪಟ್ಟಣದಲ್ಲಿ ನಮ್ಮದೊಂದು ಸಣ್ಣ ಆಟಿಕೆ ಘಟಕವಿದೆ. ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳಕ್ಕೆ ಬನ್ನಿ ಎಂದು ಅಲ್ಲಿನ ವ್ಯಾಪಾರಿಯೊಬ್ಬರು ಕರೆದಿದ್ದಾರೆ. ನಾನು ವಿದೇಶ ಕಂಡವನಲ್ಲ. ಖಾತೆಯಲ್ಲಿ ಹಣ ನಿಲ್ಲುವುದಿಲ್ಲ. ‘ಎಂಟು ಲಕ್ಷ ಕೈಸಾಲ ತಂದು ಖಾತೆಗೆ ಹಾಕಿ, ವೀಸಾ ಬಂದ ಮೇಲೆ ತೆಗೆಯಿರಿ’ ಎನ್ನುತ್ತಾರೆ ಏಜೆಂಟರು. ಇಂಗ್ಲಿಷೂ ಅಷ್ಟಕ್ಕಷ್ಟೆ.
— ಓದುಗರು, ಚನ್ನಪಟ್ಟಣ

ಉತ್ತರ: ಸಣ್ಣ ಘಟಕದವನೆಂದು ತಳ್ಳಿಹಾಕಿಯಾರು, ಇಂಗ್ಲಿಷಿನಲ್ಲಿ ಕೇಳಿದರೆ ತಡವರಿಸಿಯೇನು ಎಂಬ ಎರಡು ಆತಂಕ ನಿಮ್ಮದು. ಮೊದಲ ಸಲ ಹೊರಟ ಯಾರಿಗೂ ಇದು ಇದ್ದದ್ದೇ. ಧೈರ್ಯವಾಗಿರಿ, ಉದ್ಯಮ ಸಣ್ಣದು ಎಂಬುದಷ್ಟೇ ನಿರಾಕರಣೆಗೆ ಕಾರಣವಾಗುವುದಿಲ್ಲ. ಬೆಂಗಳೂರಿನ ಅರ್ಜಿ ಕೇಂದ್ರದ ಸಿಬ್ಬಂದಿ ಕಾಗದಪತ್ರ, ಫೋಟೊ, ಬೆರಳಚ್ಚು ತೆಗೆದುಕೊಳ್ಳುತ್ತಾರೆ ಅಷ್ಟೆ. ತೀರ್ಮಾನ ಜರ್ಮನ್ ಕಾನ್ಸುಲೇಟಿನದು. ಅವರು ಸಂದರ್ಶನಕ್ಕೆ ಕರೆದರೂ ಕೇಳುವುದು ನಿಮ್ಮ ಕಸುಬಿನ ಬಗ್ಗೆ. ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಏಜೆಂಟರ ಮಾತನ್ನು ಮಾತ್ರ ದಯವಿಟ್ಟು ಕೇಳಬೇಡಿ. ಸಾವಿರಗಳಲ್ಲಿ ಆಡುತ್ತಿದ್ದ ಖಾತೆಗೆ ಒಂದೇ ದಿನ ಲಕ್ಷಗಳು ಬಂದು ಕೂತರೆ, ಸ್ಟೇಟ್‌ಮೆಂಟ್ ಓದುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಹಣ ಎಲ್ಲಿಯದು ಎಂದು ಕೇಳಿದರೆ ಏನು ಹೇಳುತ್ತೀರಿ? ಬಡ್ಡಿಯೂ ಹೋಗಿ, ನಂಬಿಕೆಯೂ ಹೋಗುತ್ತದೆ. ಹಣ ನಿಲ್ಲದಿದ್ದರೂ ಓಡಾಡುತ್ತಿದೆಯಲ್ಲ, ಅದನ್ನೇ ತೋರಿಸಿ: ಘಟಕದ ಚಾಲ್ತಿ ಖಾತೆಯ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ ನೋಂದಣಿ, ಇದ್ದರೆ ಐಇಸಿ (ಆಮದು–ರಫ್ತಿಗೆ ಸರ್ಕಾರ ಕೊಡುವ ಸಂಖ್ಯೆ). ನೀವು ಮರಳಿ ಬರುತ್ತೀರಿ ಎಂಬುದಕ್ಕೆ ನಡೆಯುತ್ತಿರುವ ಈ ಘಟಕವೇ ಸಾಕ್ಷಿ. ವಸತಿ, ಊಟದ ಖರ್ಚನ್ನು ಆ ವ್ಯಾಪಾರಿ ಹೊರುವುದಾದರೆ ಆಹ್ವಾನ ಪತ್ರದಲ್ಲಿ ಹಾಗೆಂದು ಬರೆಸಿಕೊಳ್ಳಿ.

ನಿಮಗೆ ಬೇಕಾದದ್ದು ಷೆಂಗೆನ್ ವೀಸಾ (ಯುರೋಪಿನ 29 ದೇಶಗಳಿಗೆ ಸಾಮಾನ್ಯವಾದ ಅಲ್ಪಾವಧಿ ಪ್ರವೇಶಾನುಮತಿ). ಶುಲ್ಕ 90 ಯೂರೊ. ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೆ ಹಣ ವಾಪಸಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಮೊತ್ತ ನೋಡಿ ಗಾಬರಿಯಾಗಬೇಡಿ, ಅದು ವಿಮೆ ಭರಿಸುವ ಹಣ, ನೀವು ಕಟ್ಟುವ ಕಂತಲ್ಲ. ಪಾಸ್‌ಪೋರ್ಟ್ ಕೊಟ್ಟು 10 ವರ್ಷ ಮೀರಿರಬಾರದು, ನೀವು ಅಲ್ಲಿಂದ ಹೊರಟ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಕೊಡಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. ಮೇಳ ನಡೆಯುವುದು ವರ್ಷದ ಆರಂಭದಲ್ಲಿ. ಹಾಗಾಗಿ ದೀಪಾವಳಿ ಕಳೆದ ಕೂಡಲೇ ಅರ್ಜಿ ಹಾಕಿದರೆ ನಿಶ್ಚಿಂತೆ.

ಪ್ರಶ್ನೆ: ಎರಕದ ಬಿಡಿಭಾಗ ಕೊಳ್ಳುವವರನ್ನು ಕಾಣಲು ಇಟಲಿಗೆ ಹೊರಟಿದ್ದೆ. ‘ಪ್ರಯಾಣದ ಉದ್ದೇಶ ಖಚಿತವಾಗಿಲ್ಲ’ ಎಂದು ವೀಸಾ ನಿರಾಕರಿಸಿದರು. ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ಇದು ಮರೆಯಾಗುತ್ತದೆ ಎನ್ನುತ್ತಾರೆ ಮನೆಯವರು. ನಿಜವೇ?
— ಉದ್ಯಮಿ, ಬೆಳಗಾವಿ

ಉತ್ತರ: ಬಾಗಿಲು ಇನ್ನು ಮುಚ್ಚಿತೇ ಎಂಬುದು ನಿಮ್ಮ ಚಿಂತೆ. ಇಲ್ಲಮ್ಮ, ಮುಚ್ಚಿಲ್ಲ. ಒಮ್ಮೆ ನಿರಾಕರಣೆಯಾದವರು ಮತ್ತೆ ಅರ್ಜಿ ಹಾಕಲು ಅಡ್ಡಿಯಿಲ್ಲ.

ಆದರೆ ಹೊಸ ಪಾಸ್‌ಪೋರ್ಟಿನಿಂದ ಏನೂ ಮರೆಯಾಗದು. ಷೆಂಗೆನ್ ದೇಶಗಳು ಹಂಚಿಕೊಳ್ಳುವ ದಾಖಲೆಯಲ್ಲಿ ಆ ವಿವರ 5 ವರ್ಷ ಇರುತ್ತದೆ, ನಿಮ್ಮ ಬೆರಳಚ್ಚಿನ ಜೊತೆಗೇ. ಬಚ್ಚಿಡಲು ಹೋಗಿ ಸಿಕ್ಕಿಬೀಳುವುದು ನಿರಾಕರಣೆಗಿಂತ ದೊಡ್ಡ ಪೆಟ್ಟು.

ಅವರು ಕೊಟ್ಟ ಕಾರಣವನ್ನೇ ಹಿಡಿದುಕೊಳ್ಳಿ. ಇಂಥ ಕಡೆ ಎಡವುವುದು ಸಾಮಾನ್ಯವಾಗಿ ಆಹ್ವಾನ ಪತ್ರದಲ್ಲಿ. ‘ಮಾತುಕತೆಗೆ ಬನ್ನಿ’ ಎಂಬ ಎರಡು ಸಾಲು ಸಾಲದು. ಯಾವ ದಿನ, ಯಾವ ಊರಿನ ಕಾರ್ಖಾನೆ, ಯಾವ ಭಾಗದ ಬಗ್ಗೆ ಮಾತು, ಕರೆದವರ ಹುದ್ದೆಯೇನು ಎಂಬುದೆಲ್ಲ ಇರುವ ಹೊಸ ಪತ್ರ ತರಿಸಿ. ಹಿಂದೆ ನಡೆದ ಇ–ಮೇಲ್, ದರಪಟ್ಟಿ, ಮಾದರಿ ಕಳಿಸಿದ ರಸೀದಿಗಳನ್ನೂ ಜೋಡಿಸಿ. ಜೊತೆಗೆ ಒಂದು ಪುಟದ ವಿವರಣೆ ನೀವೇ ಬರೆಯಿರಿ. ಹಿಂದಿನ ನಿರಾಕರಣೆಯನ್ನು ಅದರಲ್ಲಿ ನೇರವಾಗಿ ಹೇಳಿ.

ಪ್ರಶ್ನೆ: ಜರ್ಮನಿಯಲ್ಲಿ ಐದು ದಿನ ಕೆಲಸ. ಮುಗಿಸಿ ಎರಡು ದಿನ ಪ್ಯಾರಿಸ್ ನೋಡಿ ಬಂದರೆ ತಪ್ಪಾಗುತ್ತದೆಯೇ?
— ಓದುಗರು, ಮೈಸೂರು

ಉತ್ತರ: ಖಂಡಿತ ತಪ್ಪಲ್ಲ, ನೋಡಿ ಬನ್ನಿ. ಮುಖ್ಯ ಕೆಲಸವೂ ಹೆಚ್ಚು ದಿನಗಳೂ ಜರ್ಮನಿಯಲ್ಲೇ ಇರುವುದರಿಂದ ಅರ್ಜಿ ಅಲ್ಲಿಗೇ ಹಾಕಿ. ಪ್ಯಾರಿಸ್ಸಿನ ಎರಡು ದಿನವನ್ನೂ ಪ್ರಯಾಣದ ವಿವರದಲ್ಲಿ ಕಾಣಿಸಿ. ವಿಮೆ ಏಳೂ ದಿನಕ್ಕಿರಲಿ.