ಶೇಂಗಾ ಬಿತ್ತುವ ಮುಂಚೆ: ಬೀಜಕ್ಕೆ ಅಣುಜೀವಿ, ಹೊಲಕ್ಕೆ ಎಡೆಕುಂಟೆ



ಮುದನಾಳದ ಸಂಘದ ಸಭೆಯಲ್ಲಿ ಸಾಲದ ಪುಸ್ತಕ ತೆರೆದು ಕುಳಿತಾಗ ನಾವು ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದೆವು: “ಸಿಸ್ಟರ್, ಶೇಂಗಾದಾಗಿನ ಕಸ ತೆಗಿಸಾಕ ರೊಕ್ಕ ಬೇಕು.” ಬೀಜಕ್ಕೆ ಒಂದು ಸಾಲ, ಗೊಬ್ಬರಕ್ಕೆ ಇನ್ನೊಂದು, ಕಸಕ್ಕೆ ಮೂರನೆಯದು. ಗೊಬ್ಬರದ ಮತ್ತು ಕಸದ ಖರ್ಚು ಸ್ವಲ್ಪ ಇಳಿಸುವ ದಾರಿ ಇದೆ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಗಿಡ ಅದನ್ನು ನೇರವಾಗಿ ತಿನ್ನಲಾರದು. ರೈಜೋಬಿಯಂ ಎಂಬ ಅಣುಜೀವಿ ಶೇಂಗಾದ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಊಟ ಮಾಡಿ ಕೊಡುತ್ತದೆ. ಪ್ರತಿಯಾಗಿ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ನಮ್ಮ ಸಂಘದ ಹಾಗೆಯೇ, ಕೊಡುವುದೂ ಉಂಟು, ತೆಗೆದುಕೊಳ್ಳುವುದೂ ಉಂಟು.

ಬೀಜಕ್ಕೆ ಹಚ್ಚುವುದು ಹೀಗೆ. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಬೇಕು. ಬಿಸಿ ಇದ್ದರೆ ಅಣುಜೀವಿ ಸಾಯುತ್ತದೆ. ತಾಡಪತ್ರಿ ಮೇಲೆ ಬೀಜ ಹರವಿ, ಬೆಲ್ಲದ ನೀರನ್ನು ತುಸುವೇ ಚಿಮುಕಿಸಿ, ಎಕರೆಯ ಬೀಜಕ್ಕೆ 150ರಿಂದ 200 ಗ್ರಾಂ ಪುಡಿ ಹಾಕಿ ಹಗುರ ಕೈಯಿಂದ ಕಲೆಸಿರಿ. ತಿಕ್ಕಬೇಡಿ. ಶೇಂಗಾ ಕಾಳಿನ ಸಿಪ್ಪೆ ತೆಳು, ಸುಲಿದರೆ ಮೊಳಕೆ ಹಾಳು. ನೆರಳಿನಲ್ಲಿ ಆರಿಸಿ ಅದೇ ದಿನ ಬಿತ್ತಿರಿ. ರೋಗದ ಪುಡಿ ಹಚ್ಚುವುದಿದ್ದರೆ ಅದು ಹಿಂದಿನ ದಿನ, ಅಣುಜೀವಿ ಕೊನೆಗೆ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಒಂದು ವರ್ಷ ಪ್ಯಾಕೆಟ್‌ಗಳನ್ನು ತಗಡಿನ ಕೋಣೆಯಲ್ಲಿ ವಾರಗಟ್ಟಲೆ ಇಟ್ಟು ಆಮೇಲೆ ಹಂಚಿದೆವು. ನಮ್ಮ ಭಾಗದ ಬಿಸಿಲು ನಿಮಗೆ ಗೊತ್ತೇ ಇದೆ. ಬೇರು ಕಿತ್ತು ನೋಡಿದರೆ ಗಂಟು ನಾಲ್ಕೋ ಐದೋ. ಅದಕ್ಕೇ ಪ್ಯಾಕೆಟ್ ಕೊಳ್ಳುವಾಗ ತಾರೀಖು ನೋಡಿ, ‘ಶೇಂಗಾ’ ಎಂದು ಬರೆದಿದೆಯೇ ನೋಡಿ (ಸೋಯಾದ್ದು ಇದಕ್ಕೆ ನಡೆಯುವುದಿಲ್ಲ), ಮನೆಯಲ್ಲಿ ಮಣ್ಣಿನ ಗಡಿಗೆಯ ತಂಪಿನ ಹತ್ತಿರ ಇಡಿ.

ಎಲ್ಲ ಹೊಲಕ್ಕೂ ಒಂದೇ ಲಾಭ ಎಂದು ನಾವು ಹೇಳುವುದಿಲ್ಲ. ವರ್ಷ ವರ್ಷ ಶೇಂಗಾ ಬೆಳೆದ ಹೊಲದಲ್ಲಿ ಈ ಅಣುಜೀವಿ ಮೊದಲೇ ಇರಬಹುದು. ಶಹಾಪುರ, ಸುರಪುರದ ಕಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆದು ಆಮೇಲೆ ಶೇಂಗಾ ಹಾಕುವವರು ಮಾತ್ರ ಬಿಡಲೇಬಾರದು. ನೀರು ನಿಂತ ಮಣ್ಣಿನಲ್ಲಿ ಅವು ಕಡಿಮೆಯಾಗಿರುತ್ತವೆ. ಬಿತ್ತಿದ 30-40 ದಿನಕ್ಕೆ ಒಂದು ಗಿಡ ಮೆಲ್ಲಗೆ ಅಗೆದು ಗಂಟನ್ನು ಉಗುರಿನಿಂದ ಸೀಳಿರಿ. ಒಳಗೆ ಕೆಂಪಗಿದ್ದರೆ ಕೆಲಸ ನಡೆದಿದೆ, ಹಸಿರೋ ಬಿಳಿಯೋ ಇದ್ದರೆ ಇಲ್ಲ. ಯೂರಿಯಾ ಹೆಚ್ಚು ಸುರಿದರೂ ಗಂಟು ಕಟ್ಟುವುದಿಲ್ಲ.

ಇನ್ನು ಕಸ. ಮೊದಲ 40-45 ದಿನ ಬಹಳ ಮುಖ್ಯ. ಜೇಕು, ಕರಿಕೆ ಆಗಲೇ ಗಿಡದ ಅನ್ನ ಕಸಿಯುತ್ತವೆ. ಸಾಲಿನ ನಡುವೆ ಎರಡು ಸಲ ಎಡೆಕುಂಟೆ ಹೊಡೆದರೆ ಕೈಗಳೆ ಸಾಲಿನೊಳಗಷ್ಟೇ ಉಳಿಯುತ್ತದೆ, ಕೂಲಿ ಇಳಿಯುತ್ತದೆ. ಹೂ ಬಿಟ್ಟಾಗ ಎಕರೆಗೆ 200 ಕಿಲೋ ಜಿಪ್ಸಂ ಹಾಕಿ ಮಣ್ಣು ಏರಿಸುವುದೇ ಕೊನೆಯ ಎಡೆ. ಸೂಜಿ ಭೂಮಿಗೆ ಇಳಿದ ಮೇಲೆ ಕುಂಟೆ, ಕುರ್ಪಿ ಬೇಡ. ಸೂಜಿ ಹರಿದರೆ ಕಾಯಿಯೇ ಹೋಯಿತು. ದೊಡ್ಡ ಕಸವನ್ನು ಕೈಯಿಂದ ಕತ್ತರಿಸಿದರೆ ಸಾಕು.

ಕಸದ ಔಷಧಿ ಹೊಡೆಯಲೇಬೇಕಾದರೆ ಪೆಂಡಿಮಿಥಾಲಿನ್ ಇದೆ. ಬಿತ್ತಿದ ಎರಡು ದಿನದೊಳಗೆ, ಹಸಿ ಮಣ್ಣಿನ ಮೇಲೆ, ಡಬ್ಬಿಯ ಚೀಟಿಯಲ್ಲಿನ ಅಳತೆಯಂತೆ. ಹಳೆಯ ಹಾಳೆಗಳಲ್ಲಿ ಅಲಾಕ್ಲೋರ್ ಎಂದು ಬರೆದಿರುತ್ತದೆ. ಅದಕ್ಕೆ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧ ಇದೆ, ಯಾರು ಕೊಟ್ಟರೂ ಬೇಡ. ಗ್ಲೈಫೋಸೇಟ್ ಬಿದ್ದರೆ ಶೇಂಗಾವೂ ಸಾಯುತ್ತದೆ. ಬಸುರಿಯರು, ಎದೆಹಾಲು ಕುಡಿಸುವವರು ಪಂಪಿನ ಹತ್ತಿರ ಬರಬಾರದು. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಿಡುವುದನ್ನು ನಾವು ಇನ್ನೂ ಕಾಣುತ್ತೇವೆ. ಅದನ್ನು ತೂತು ಮಾಡಿ, ಮಕ್ಕಳ ಕೈಗೆ ಸಿಗದಂತೆ ಮಾಡಿರಿ.

ಪ್ಯಾಕೆಟ್ ಎಲ್ಲಿ ಸಿಗುತ್ತದೆ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿರಿ. ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರೂ ಒಂದು ಗಿಡ ಬೇರು ಸಮೇತ ತನ್ನಿರಿ, ಗಂಟು ಕೂಡಿ ಎಣಿಸೋಣ.