ಪೆಟ್ರಾ ತಂಡದ ಗೀತೆಗಳು: ನಾದದ ಪರಿವರ್ತನೆ ಮತ್ತು ಸಂಬೋಧನೆಯ ಸ್ವರೂಪ

೧. ಪ್ರವೇಶ

ಭಕ್ತಿಗೀತೆಗಳ ಅಧ್ಯಯನದಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳಲಾಗುತ್ತದೆ. ಗೀತೆ ಏನನ್ನು ಹೇಳುತ್ತದೆ ಎಂಬುದು ಒಂದು. ಯಾವ ಧಾಟಿಯಲ್ಲಿ ಹೇಳುತ್ತದೆ ಎಂಬುದು ಇನ್ನೊಂದು. ಇವೆರಡರ ನಡುವೆ ಮೂರನೆಯ ಪ್ರಶ್ನೆಯೊಂದಿದೆ: ಗೀತೆ ಯಾರನ್ನು ಉದ್ದೇಶಿಸಿ ಹಾಡುತ್ತದೆ? ದಾಸಸಾಹಿತ್ಯದ ಅಧ್ಯಯನಗಳಲ್ಲಿ ಕೀರ್ತನೆಗಳನ್ನು ಸ್ತುತಿ, ಲೋಕನೀತಿ, ಸಮಾಜ ವಿಡಂಬನೆ, ಆತ್ಮನಿವೇದನೆ ಎಂದು ವಿಂಗಡಿಸುವ ಪರಿಪಾಠವಿದೆ. ಮೇಲ್ನೋಟಕ್ಕೆ ಇದು ವಸ್ತುವಿನ ವಿಂಗಡಣೆ. ಆಳದಲ್ಲಿ ಇದು ಸಂಬೋಧನೆಯ ವಿಂಗಡಣೆಯೂ ಹೌದು. ಸ್ತುತಿ ದೇವರನ್ನು, ಲೋಕನೀತಿ ಜನರನ್ನು, ವಿಡಂಬನೆ ಕಪಟಿಗಳನ್ನು, ಆತ್ಮನಿವೇದನೆ ದೇವರೆದುರು ನಿಂತ ತನ್ನನ್ನೇ ಉದ್ದೇಶಿಸುತ್ತದೆ.

ಈ ದೃಷ್ಟಿಯನ್ನು ತೀರ ಭಿನ್ನವಾದ ಒಂದು ಪರಂಪರೆಗೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅಮೆರಿಕದ ಕ್ರೈಸ್ತ ರಾಕ್ ತಂಡಗಳಲ್ಲಿ ಹಿರಿಯದಾದ 'ಪೆಟ್ರಾ' ೧೯೭೨ರಿಂದ ೨೦೦೫ರವರೆಗೆ ಮೂರು ದಶಕಗಳಿಗೂ ಮಿಕ್ಕಿ ಹಾಡಿತು. ಈ ಅವಧಿಯಲ್ಲಿ ಅದರ ನಾದ ಹಲವು ಬಾರಿ ಬದಲಾಯಿತು; ಗೀತೆಗಳ ವಸ್ತುವೂ ಬದಲಾಯಿತು. ಈ ಎರಡು ಬದಲಾವಣೆಗಳನ್ನು ಜೋಡಿಸುವ ಕೊಂಡಿ ಸಂಬೋಧನೆಯಲ್ಲಿದೆ ಎಂಬುದು ಇಲ್ಲಿನ ಪ್ರತಿಪಾದನೆ. ದಾಸಸಾಹಿತ್ಯಕ್ಕೂ ಈ ಗೀತೆಗಳಿಗೂ ಸಾಮ್ಯವನ್ನು ಸ್ಥಾಪಿಸುವುದು ಇಲ್ಲಿನ ಗುರಿಯಲ್ಲ. ಅಲ್ಲಿ ರೂಢವಾಗಿರುವ ಒಂದು ಪರಿಕರವನ್ನು ಎರವಲು ಪಡೆಯಲಾಗಿದೆ, ಅಷ್ಟೆ.

೨. ಹಿನ್ನೆಲೆ ಮತ್ತು ಹೆಸರು

೧೯೬೦ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹಿಪ್ಪಿ ಯುವಜನರ ನಡುವೆ ಹುಟ್ಟಿದ ಧಾರ್ಮಿಕ ಜಾಗೃತಿಯನ್ನು 'ಜೀಸಸ್ ಚಳವಳಿ' ಎಂದು ಕರೆಯಲಾಗಿದೆ. ಆ ಯುವಕರು ಕ್ರೈಸ್ತ ನಂಬಿಕೆಯನ್ನು ಒಪ್ಪಿದರು. ಆದರೆ ಉದ್ದ ಕೂದಲನ್ನಾಗಲಿ ಗಿಟಾರನ್ನಾಗಲಿ ಬಿಡಲಿಲ್ಲ. ೧೯೬೯ರಲ್ಲಿ ಲ್ಯಾರಿ ನಾರ್ಮನ್ ಹೊರತಂದ 'ಅಪಾನ್ ದಿಸ್ ರಾಕ್' ಈ ಹೊಸ ಸಂಗೀತದ ಆರಂಭಿಕ ಧ್ವನಿಮುದ್ರಿಕೆಗಳಲ್ಲಿ ಮುಖ್ಯವಾದುದು. ಮೂರು ವರ್ಷಗಳ ತರುವಾಯ ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಪಟ್ಟಣದಲ್ಲಿ ಗಿಟಾರ್ ವಾದಕ ಬಾಬ್ ಹಾರ್ಟ್‌ಮನ್, ಗ್ರೆಗ್ ಹಫ್, ಜಾನ್ ಡಿಗ್ರಾಫ್ ಮತ್ತು ಬಿಲ್ ಗ್ಲೋವರ್ ಸೇರಿ ಪೆಟ್ರಾ ತಂಡವನ್ನು ಕಟ್ಟಿದರು.

ಹೆಸರಿನಲ್ಲಿಯೇ ಒಂದು ಶ್ಲೇಷೆಯಿದೆ. ಗ್ರೀಕಿನಲ್ಲಿ 'ಪೆಟ್ರಾ' ಎಂದರೆ ಬಂಡೆ. ಈ ಬಂಡೆಯ ಮೇಲೆ ತನ್ನ ಸಭೆಯನ್ನು ಕಟ್ಟುವುದಾಗಿ ಯೇಸು ಹೇಳುವ ಮಾತು ಮತ್ತಾಯನ ಸುವಾರ್ತೆಯ ೧೬ನೆಯ ಅಧ್ಯಾಯದಲ್ಲಿ ಬರುತ್ತದೆ. ಇಂಗ್ಲಿಷಿನ 'ರಾಕ್' ಬಂಡೆಯೂ ಹೌದು, ಸಂಗೀತಪ್ರಕಾರವೂ ಹೌದು. ಚರ್ಚಿನ ಬುನಾದಿ ಮತ್ತು ಚರ್ಚು ಸಂಶಯದಿಂದ ಕಂಡ ಸಂಗೀತ, ಇವೆರಡೂ ಒಂದೇ ಪದದಲ್ಲಿ ಕೂಡಿರುವುದು ಕೇವಲ ಚಮತ್ಕಾರವಲ್ಲ. ತಂಡದ ಮುಂದಿನ ಎಲ್ಲ ಬಿಕ್ಕಟ್ಟುಗಳ ಬೀಜ ಈ ಶ್ಲೇಷೆಯಲ್ಲಿದೆ.

೩. ಹೊರಗಿನವರಿಗೆ ಹಾಡಿದ ಘಟ್ಟ

೧೯೭೪ರಲ್ಲಿ ಬಂದ ಮೊದಲ ಆಲ್ಬಮ್ ತಂಡದ ಹೆಸರನ್ನೇ ಹೊತ್ತಿತ್ತು. ಎರಡು ಗಿಟಾರುಗಳ ಸರಸಸಂವಾದ, ದಕ್ಷಿಣ ಪ್ರಾಂತ್ಯದ ರಾಕ್ ಶೈಲಿಯ ಲಯ, ಗ್ರಾಮೀಣ ಹಾಡುಗಾರಿಕೆಯ ಸೊಗಡು ಮತ್ತು ಹಾಸ್ಯ ಇದರ ಲಕ್ಷಣಗಳು. 'ಬ್ಯಾಕ್‌ಸ್ಲೈಡಿನ್ ಬ್ಲೂಸ್' ಎಂಬ ಗೀತೆಯನ್ನು ಇಲ್ಲಿ ಗಮನಿಸಬಹುದು. ಕರಿಯ ಅಮೆರಿಕನ್ನರ ವ್ಯಥೆಯಿಂದ ರೂಪುಗೊಂಡ ಬ್ಲೂಸ್ ಪ್ರಕಾರವನ್ನು ನಂಬಿಕೆಯಿಂದ ಜಾರಿದವನ ಅಳಲಿಗೆ ಬಳಸಿಕೊಳ್ಳಲಾಗಿದೆ. ಧಾಟಿ ಕೇಳುಗರಿಗೆ ಪರಿಚಿತ, ವಸ್ತು ಮಾತ್ರ ಹೊಸದು. ಪರಿಚಿತ ಧಾಟಿಯಲ್ಲಿ ಅಪರಿಚಿತ ವಸ್ತುವನ್ನು ಇಡುವುದು ಎಲ್ಲ ಧರ್ಮಪ್ರಸಾರಕ ಸಾಹಿತ್ಯಗಳ ಹಳೆಯ ಉಪಾಯ.

೧೯೭೭ರ 'ಕಮ್ ಆ್ಯಂಡ್ ಜಾಯ್ನ್ ಅಸ್' ಶೀರ್ಷಿಕೆಯೇ ಆಹ್ವಾನ. ಸಂಗೀತ ಇಲ್ಲಿ ಗಡುಸಾಗುತ್ತದೆ. ಬ್ರಿಟನ್ನಿನ ಆರ್ಜೆಂಟ್ ತಂಡಕ್ಕಾಗಿ ರಸ್ ಬ್ಯಾಲರ್ಡ್ ರಚಿಸಿದ 'ಗಾಡ್ ಗೇವ್ ರಾಕ್ ಆ್ಯಂಡ್ ರೋಲ್ ಟು ಯೂ' ಗೀತೆಯನ್ನು ತಂಡ ತನ್ನದಾಗಿಸಿಕೊಂಡದ್ದು ಈ ಆಲ್ಬಮ್ಮಿನಲ್ಲಿ. ೧೯೭೩ರ ಆ ಲೌಕಿಕ ಗೀತೆಯಲ್ಲಿ 'ದೇವರು' ಎಂಬುದು ಉತ್ಸಾಹದ ಒಂದು ಮಾತು ಮಾತ್ರ. ಪೆಟ್ರಾದ ಬಾಯಲ್ಲಿ ಅದು ಅಕ್ಷರಶಃ ಅರ್ಥವನ್ನು ಪಡೆಯಿತು. ಹಾಡುವವನು ಬದಲಾದಾಗ ಶೀರ್ಷಿಕೆಯ ಒಂದು ಶಬ್ದವನ್ನೂ ಬದಲಿಸದೆ ಅರ್ಥ ಬದಲಾಗಬಲ್ಲದೆಂಬುದಕ್ಕೆ ಇದು ನಿದರ್ಶನ. ಈ ಘಟ್ಟದ ಸಂಬೋಧಿತ ವ್ಯಕ್ತಿ ಚರ್ಚಿನ ಹೊರಗಿರುವ ತರುಣ.

೪. ಎರಡು ದಿಕ್ಕಿಗೆ ಹಾಡಿದ ಘಟ್ಟ

೧೯೭೯ರ ಹೊತ್ತಿಗೆ ಗ್ರೆಗ್ ವೋಲ್ಜ್ ಮುಖ್ಯ ಗಾಯಕರಾದರು. ೧೯೮೧ರ 'ನೆವರ್ ಸೇ ಡೈ' ಆಲ್ಬಮ್ಮಿನಿಂದ ತಂಡಕ್ಕೆ ವ್ಯಾಪಕ ಮನ್ನಣೆ ದೊರೆಯಿತು. ಕುತೂಹಲದ ಸಂಗತಿಯೆಂದರೆ, ಕ್ರೈಸ್ತ ರೇಡಿಯೋ ಕೇಂದ್ರಗಳ ಬಾಗಿಲನ್ನು ತೆರೆದದ್ದು ಅದರ ರಾಕ್ ಗೀತೆಗಳಲ್ಲ. ಬಣ್ಣಗಳ ಮೂಲಕ ರಕ್ಷಣೆಯ ಕಥೆಯನ್ನು ಹೇಳುವ 'ದ ಕಲರಿಂಗ್ ಸಾಂಗ್' ಎಂಬ ಮೆಲುದನಿಯ ಹಾಡು. ಚರ್ಚು ತಂಡವನ್ನು ಒಪ್ಪಿಕೊಂಡದ್ದು ಅದರ ಅತ್ಯಂತ ಮೃದುವಾದ ನಾದದ ಮೂಲಕ.

ಆದರೆ ಒಪ್ಪಿಗೆ ಪೂರ್ಣವಾಗಿರಲಿಲ್ಲ. ರಾಕ್ ಧ್ವನಿಮುದ್ರಿಕೆಗಳನ್ನು ಹಿಮ್ಮುಖವಾಗಿ ನುಡಿಸಿದರೆ ಸೈತಾನನ ಸಂದೇಶಗಳು ಕೇಳುತ್ತವೆ ಎಂಬ ಆರೋಪ ೧೯೮೦ರ ದಶಕದ ಆರಂಭದಲ್ಲಿ ಅಮೆರಿಕದ ಚರ್ಚುಗಳಲ್ಲಿ ಪ್ರಬಲವಾಗಿತ್ತು. ೧೯೮೨ರ 'ಮೋರ್ ಪವರ್ ಟು ಯಾ' ಆಲ್ಬಮ್ಮಿನ 'ಜೂಡಸ್ ಕಿಸ್' ಗೀತೆಯ ಮೊದಲಲ್ಲಿ ತಂಡ ಬೇಕೆಂದೇ ಹಿಮ್ಮುಖ ಮಾತೊಂದನ್ನು ಸೇರಿಸಿತು. ಅದನ್ನು ತಿರುಗಿಸಿ ಕೇಳಿದವರಿಗೆ ದೊರೆಯುವುದು ಒಂದು ಪ್ರಶ್ನೆ: ಪ್ರಭುವನ್ನು ಹುಡುಕಬೇಕಾದವರು ಸೈತಾನನನ್ನೇಕೆ ಹುಡುಕುತ್ತಿದ್ದೀರಿ? ಈ ಮಾತಿನ ಸಂಬೋಧಿತರು ಯಾರೆಂಬುದು ಮುಖ್ಯ. ಹೊರಗಿನ ತರುಣ ಹಾಡನ್ನು ಮುಮ್ಮುಖವಾಗಿ ಕೇಳುತ್ತಾನೆ. ಹಿಮ್ಮುಖವಾಗಿ ಕೇಳುವವನು ದೋಷವನ್ನು ಅರಸುವ ಧರ್ಮನಿಷ್ಠ. ಒಂದೇ ಗೀತೆಯಲ್ಲಿ ಎರಡು ಸಂಬೋಧನೆಗಳಿವೆ. ಒಂದು ಬಹಿರಂಗ, ಇನ್ನೊಂದು ಅಂತರಂಗ. ೧೯೮೪ರ 'ವಿಚ್ ಹಂಟ್' ಗೀತೆಯಲ್ಲಿ ಈ ವಿಡಂಬನೆ ಬಹಿರಂಗವಾಗಿಯೇ ಬರುತ್ತದೆ. ಸೋದರ ವಿಶ್ವಾಸಿಗಳನ್ನೇ ಬೇಟೆಯಾಡುವವರು ಅದರ ಗುರಿ.

ಇದೇ ಅವಧಿಯಲ್ಲಿ ನಾದ ಗಿಟಾರಿನಿಂದ ಸಿಂಥಸೈಜರಿನತ್ತ ಜರುಗುತ್ತದೆ. ೧೯೮೩ರ 'ನಾಟ್ ಆಫ್ ದಿಸ್ ವರ್ಲ್ಡ್' ಆರಂಭವಾಗುವುದು ವಾದ್ಯಸಂಗೀತದಿಂದ. ಅದರ ಆಧಾರ ೧೫೫೧ರ ಜಿನೀವಾ ಕೀರ್ತನ ಸಂಗ್ರಹದಿಂದ ಬಂದ 'ಓಲ್ಡ್ ಹಂಡ್ರೆತ್' ಎಂಬ ಪ್ರಸಿದ್ಧ ಸ್ತುತಿಧಾಟಿ. ಚರ್ಚಿನ ಹಿರಿಯರಿಗೆ ಬಾಲ್ಯದಿಂದ ಪರಿಚಿತವಾದ ಧಾಟಿ, ಅವರಿಗೆ ಅಪರಿಚಿತವಾದ ಯಂತ್ರನಾದದಲ್ಲಿ ಮೂಡಿಬರುತ್ತದೆ. ಮೊದಲ ಆಲ್ಬಮ್ಮಿನ ಬ್ಲೂಸ್ ಪ್ರಯೋಗದ ದಿಕ್ಕು ಇಲ್ಲಿ ತಿರುಗಿದೆ. ಅಲ್ಲಿ ಹೊರಗಿನ ಧಾಟಿಗೆ ಒಳಗಿನ ವಸ್ತು. ಇಲ್ಲಿ ಒಳಗಿನ ಧಾಟಿಗೆ ಹೊರಗಿನ ನಾದ. ತಂಡ ಯಾರ ಮನವೊಲಿಸಲು ಯತ್ನಿಸುತ್ತಿತ್ತು ಎಂಬುದನ್ನು ಈ ತಿರುವು ಸೂಚಿಸುತ್ತದೆ.

೫. ವಿಶ್ವಾಸಿಗಳ ಪಡೆಗೆ ಹಾಡಿದ ಘಟ್ಟ

ವೋಲ್ಜ್ ನಿರ್ಗಮಿಸಿದ ಬಳಿಕ, ಹಿಂದೆ 'ಹೆಡ್ ಈಸ್ಟ್' ಎಂಬ ಲೌಕಿಕ ರಾಕ್ ತಂಡದಲ್ಲಿ ಹಾಡಿದ್ದ ಜಾನ್ ಶ್ಲಿಟ್ ೧೯೮೬ರಲ್ಲಿ ತಂಡವನ್ನು ಸೇರಿದರು. ವೋಲ್ಜರ ಕಂಠ ನಯವಾದುದು. ಶ್ಲಿಟ್‌ರದು ಒರಟು, ತಾರಸ್ಥಾಯಿಯಲ್ಲಿ ಕೂಗಬಲ್ಲದು. ಜಾನ್ ಮತ್ತು ಡೀನೊ ಎಲಿಫಾಂಟೆ ಸೋದರರ ನಿರ್ಮಾಣದಲ್ಲಿ ಗಿಟಾರು ಮತ್ತೆ ಮುಂಚೂಣಿಗೆ ಬಂದಿತು. ಭಾರವಾದ ಡ್ರಮ್ಸ್, ಸಮೂಹಕಂಠದ ಪಲ್ಲವಿ, ದೊಡ್ಡ ಕ್ರೀಡಾಂಗಣಗಳಿಗೆ ಹೊಂದುವ ಧ್ವನಿಗಾತ್ರ ಈ ಘಟ್ಟದ ಗುರುತುಗಳು.

೧೯೮೭ರ 'ದಿಸ್ ಮೀನ್ಸ್ ವಾರ್' ಈ ನಾದಕ್ಕೆ ತಕ್ಕ ರೂಪಕವನ್ನು ಕೊಟ್ಟಿತು. ಸೇನೆ, ಶಸ್ತ್ರ, ವಿಜಯ ಮೊದಲಾದ ಪರಿಭಾಷೆಯ ಮೂಲ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ ೬ನೆಯ ಅಧ್ಯಾಯ. ಅಲ್ಲಿ ದೇವರು ಕೊಡುವ ಸರ್ವಾಯುಧಗಳನ್ನು ಧರಿಸಲು ಹೇಳಲಾಗಿದೆ. ಹೋರಾಟ ಮನುಷ್ಯರ ಮೇಲಲ್ಲ, ದುರಾತ್ಮ ಶಕ್ತಿಗಳ ಮೇಲೆ ಎಂಬ ಎಚ್ಚರಿಕೆಯೂ ಇದೆ. ಪೆಟ್ರಾ ಈ ಎಚ್ಚರಿಕೆಯನ್ನು ಮರೆಯಲಿಲ್ಲ. ಅದೇ ಆಲ್ಬಮ್ಮಿನ ಒಂದು ಗೀತೆಯ ಶೀರ್ಷಿಕೆ ಮಂಡಿಯೂರಿ ಹೋರಾಡಲು ಹೇಳುತ್ತದೆ, ಆಯುಧವೆಂದರೆ ಪ್ರಾರ್ಥನೆ. ಆದರೂ ಯುದ್ಧದ ಕರೆ ಸೈನಿಕನಾಗಿರುವವನಿಗೇ ಸಲ್ಲುವಂಥದು. ಹೊರಗಿನ ತರುಣ ಇಲ್ಲಿ ಕೇಳುಗನಲ್ಲ.

೧೯೯೦ರ 'ಬಿಯಾಂಡ್ ಬಿಲೀಫ್' ಈ ಘಟ್ಟದ ಶಿಖರ. ಇದರ 'ಕ್ರೀಡ್' ಗೀತೆ ಚರ್ಚಿನ ಪ್ರಾಚೀನ ವಿಶ್ವಾಸಪ್ರಮಾಣವನ್ನು ಆಧರಿಸಿದ್ದು. 'ಸೀನ್ ಆ್ಯಂಡ್ ನಾಟ್ ಹರ್ಡ್' ನುಡಿಗಿಂತ ನಡೆ ಕಾಣಬೇಕೆಂದು ವಿಶ್ವಾಸಿಗಳಿಗೆ ಹೇಳುತ್ತದೆ. ೧೯೮೭ರಲ್ಲಿಯೇ ಟೆಲಿವಿಷನ್ ಧರ್ಮಬೋಧಕ ಜಿಮ್ಮಿ ಸ್ವ್ಯಾಗರ್ಟ್ ಧಾರ್ಮಿಕ ರಾಕ್ ಸಂಗೀತವನ್ನು ಕುರಿಯ ವೇಷದ ತೋಳವೆಂದು ಕರೆದು ಪುಸ್ತಕ ಪ್ರಕಟಿಸಿದ್ದರು. ತಂಡದ ಗೀತೆಗಳು ಹೆಚ್ಚು ಹೆಚ್ಚು ಚರ್ಚಿನ ಒಳಗನ್ನೇ ಉದ್ದೇಶಿಸತೊಡಗಿದ ಕಾಲದಲ್ಲಿ ಈ ಆರೋಪ ಬಂದದ್ದು ವಿಪರ್ಯಾಸ. ಟೀಕಾಕಾರರು ಕೇಳಿದ್ದು ನಾದವನ್ನು ಮಾತ್ರ.

೬. ದೇವರಿಗೆ ಹಾಡಿದ ಗೀತೆಗಳು

೧೯೮೯ರ 'ಪೆಟ್ರಾ ಪ್ರೈಸ್: ದ ರಾಕ್ ಕ್ರೈಸ್ ಔಟ್' ಮೊದಲ ಬಾರಿಗೆ ಆರಾಧನಾ ಗೀತೆಗಳಿಗೇ ಮೀಸಲಾದ ಆಲ್ಬಮ್. ಜನರು ಮೌನವಾದರೆ ಕಲ್ಲುಗಳೇ ಕೂಗುವುವು ಎಂಬ ಲೂಕನ ಸುವಾರ್ತೆಯ ಮಾತು ಇದರ ಹೆಸರಿನಲ್ಲಿದೆ. ತಂಡದ ಹೆಸರಿನ ಶ್ಲೇಷೆ ಮತ್ತೆ ಕೆಲಸ ಮಾಡಿದೆ. ೧೯೯೭ರಲ್ಲಿ ಇದರ ಎರಡನೆಯ ಭಾಗ, ೨೦೦೧ರಲ್ಲಿ 'ರಿವೈವಲ್' ಇದೇ ದಾರಿಯಲ್ಲಿ ಬಂದವು.

ಇಲ್ಲಿ ಸಂಬೋಧಿತ ದೇವರು. ಈ ಬದಲಾವಣೆ ನಾದದ ಮೇಲೆ ಮಾಡಿದ ಪರಿಣಾಮ ವಿಶೇಷವಾದುದು. ಆರಾಧನಾ ಗೀತೆಯನ್ನು ಸಭೆಯೂ ಕೂಡಿ ಹಾಡಬೇಕು. ಆದ್ದರಿಂದ ಸ್ವರವಿಸ್ತಾರ ಸಾಮಾನ್ಯ ಕಂಠಕ್ಕೆ ನಿಲುಕುವಂತಿರಬೇಕು, ಲಯ ಸರಳವಾಗಿರಬೇಕು, ಪಲ್ಲವಿ ಮರಳಿ ಮರಳಿ ಬರಬೇಕು. ತಾರಸ್ಥಾಯಿಯ ಕೂಗು, ದೀರ್ಘ ಗಿಟಾರ್ ವಾದನ ಇವು ಕೇಳುಗರನ್ನು ಪ್ರೇಕ್ಷಕರನ್ನಾಗಿಸುತ್ತವೆ. ಆರಾಧನೆಗೆ ಬೇಕಾದವರು ಸಹಗಾಯಕರು. ರಾಕ್ ತಂಡ ಇಲ್ಲಿ ಹಿನ್ನೆಲೆ ವಾದ್ಯವೃಂದದ ಸ್ಥಾನಕ್ಕೆ ಸರಿಯುತ್ತದೆ. ನಾದ ಮೃದುವಾದದ್ದು ನಂಬಿಕೆ ಬದಲಾದುದರಿಂದಲ್ಲ, ಗೀತೆಯ ಪ್ರಯೋಜನ ಬದಲಾದುದರಿಂದ.

೭. ತನಗೆ ತಾನೇ ಹಾಡಿಕೊಂಡ ಘಟ್ಟ

ಹಾರ್ಟ್‌ಮನ್ ೧೯೯೦ರ ದಶಕದ ನಡುವಿನಲ್ಲಿ ಪ್ರವಾಸಗಳಿಂದ ದೂರ ಸರಿದಿದ್ದರೂ ಗೀತರಚನೆಯನ್ನು ಬಿಟ್ಟಿರಲಿಲ್ಲ. ಅವರು ಮರಳಿದ ನಂತರದ ೨೦೦೩ರ 'ಜೆಕಿಲ್ ಆ್ಯಂಡ್ ಹೈಡ್' ತಂಡದ ಕೊನೆಯ ಸ್ಟುಡಿಯೋ ಆಲ್ಬಮ್ಮುಗಳಲ್ಲಿ ಅತ್ಯಂತ ಗಡುಸಾದುದು. ಹಾಡುಗಳು ಚಿಕ್ಕವು, ಕೀಬೋರ್ಡಿನ ಅಲಂಕಾರ ಹಿಂದೆ ಸರಿದಿದೆ, ಗಿಟಾರು ನೇರವಾಗಿ ಎರಗುತ್ತದೆ. ಶೀರ್ಷಿಕೆ ಸ್ಟೀವನ್‌ಸನ್ನನ ೧೮೮೬ರ ಕಥೆಯಿಂದ ಬಂದುದು. ಒಬ್ಬನೇ ಮನುಷ್ಯನಲ್ಲಿ ಎರಡು ಸ್ವಭಾವಗಳು ಹೋರಾಡುವ ಈ ವಸ್ತುವಿಗೆ ಕ್ರೈಸ್ತ ಪರಂಪರೆಯಲ್ಲಿ ಮೂಲಪಾಠವಿದೆ. ಮೆಚ್ಚುವ ಒಳ್ಳೆಯದನ್ನು ಮಾಡಲಾರದೆ, ಒಲ್ಲದ ಕೆಟ್ಟದ್ದನ್ನು ಮಾಡುವ ತನ್ನ ಸ್ಥಿತಿಯನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ೭ನೆಯ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾನೆ.

೧೯೮೭ರಲ್ಲಿ ಹೊರಗೆ ಸಾರಿದ ಯುದ್ಧ ೨೦೦೩ರಲ್ಲಿ ಮನುಷ್ಯನ ಒಳಗೆ ನಡೆಯುತ್ತದೆ. ಎರಡರ ನಾದವೂ ಗಡುಸೇ. ಆದರೆ ಮೊದಲನೆಯದು ಪಡೆಯನ್ನು ಹುರಿದುಂಬಿಸುವ ಗಡಸು. ಎರಡನೆಯದು ತನ್ನೊಡನೆ ತಾನು ಸೆಣಸುವವನ ಗಡಸು.

೮. ಸಮಾರೋಪ

ಮೇಲಿನ ಘಟ್ಟಗಳು ಕಟ್ಟುನಿಟ್ಟಾದ ವಿಭಾಗಗಳಲ್ಲ. ದಣಿದ ವಿಶ್ವಾಸಿಗೆ ಬಲ ತುಂಬುವ 'ಮೋರ್ ಪವರ್ ಟು ಯಾ' ಗೀತೆ ೧೯೮೨ರಲ್ಲಿಯೇ ಬಂದಿತ್ತು; ಹಸಿದವರ ಕಣ್ಣುಗಳನ್ನು ಕುರಿತ 'ಹಾಲೊ ಐಸ್' ೧೯೮೪ರದು; ಲೋಕವನ್ನೇ ಕೂಗಿ ಕರೆಯುವ 'ಹೇ ವರ್ಲ್ಡ್' ೧೯೯೧ರದು. ಆದರೂ ಒಟ್ಟು ಚಲನೆ ಸ್ಪಷ್ಟವಾಗಿದೆ. ಸಂಬೋಧನೆ ಬೀದಿಯಿಂದ ಚರ್ಚಿನ ಒಳಕ್ಕೆ, ಅಲ್ಲಿಂದ ಬಲಿಪೀಠದತ್ತ, ಕೊನೆಗೆ ಅಂತರಂಗದತ್ತ ಸಾಗಿದೆ.

ಈ ಚಲನೆಗೆ ಸಾಮಾಜಿಕ ಕಾರಣವೂ ಇದೆ. ಕ್ರೈಸ್ತ ಧ್ವನಿಮುದ್ರಣ ಸಂಸ್ಥೆಗಳು, ಕ್ರೈಸ್ತ ಪುಸ್ತಕದಂಗಡಿಗಳು, ಕ್ರೈಸ್ತ ರೇಡಿಯೋ ಕೇಂದ್ರಗಳು ಸೇರಿ ಒಂದು ಪ್ರತ್ಯೇಕ ಮಾರುಕಟ್ಟೆಯನ್ನು ನಿರ್ಮಿಸಿದವು. ತಂಡಕ್ಕೆ ನಾಲ್ಕು ಗ್ರ್ಯಾಮಿ ಪ್ರಶಸ್ತಿಗಳು ಗಾಸ್ಪೆಲ್ ವಿಭಾಗದಲ್ಲಿಯೇ ಬಂದವು. ೨೦೦೦ದಲ್ಲಿ ಗಾಸ್ಪೆಲ್ ಸಂಗೀತದ ಗೌರವಪಟ್ಟಿಗೆ ಸೇರಿದ ಮೊದಲ ರಾಕ್ ತಂಡವೆಂಬ ಮನ್ನಣೆಯೂ ದೊರೆಯಿತು. ಹೊರಗಿನವರನ್ನು ತಲುಪಲು ಎರವಲು ತಂದ ನಾದ ಒಳಗಿನವರ ಸೊತ್ತಾಯಿತು. ಇದು ಗೆಲುವು ಹೌದು. ಆದರೆ ಮೊದಲು ಯಾರಿಗಾಗಿ ಆ ನಾದವನ್ನು ಕೈಗೆತ್ತಿಕೊಳ್ಳಲಾಗಿತ್ತೋ ಆ ಕೇಳುಗ ಈ ಮಾರುಕಟ್ಟೆಯ ಅಂಗಡಿಗೆ ಬರುವವನಾಗಿರಲಿಲ್ಲ.

ಕ್ರೈಸ್ತ ರಾಕ್ ಕುರಿತ ವಾದದಲ್ಲಿ ಎರಡು ನಿಲುವುಗಳು ಪ್ರಸಿದ್ಧವಾಗಿವೆ. ನಾದವೇ ಕೆಟ್ಟದ್ದು ಎಂಬುದು ವಿರೋಧಿಗಳ ಮಾತು. ನಾದ ಬರಿಯ ಪಾತ್ರೆ, ಅದರಲ್ಲಿ ಏನನ್ನಾದರೂ ತುಂಬಬಹುದು ಎಂಬುದು ಸಮರ್ಥಕರ ಮಾತು. ಪೆಟ್ರಾದ ಗೀತೆಗಳು ಎರಡನ್ನೂ ಪೂರ್ಣವಾಗಿ ಸಮರ್ಥಿಸುವುದಿಲ್ಲ. ಒಂದೇ ಬಗೆಯ ಗಡುಸು ಗಿಟಾರು ವಿಡಂಬನೆಗೂ ಯುದ್ಧಘೋಷಕ್ಕೂ ಆತ್ಮಪರೀಕ್ಷೆಗೂ ಒದಗಿಬಂದಿರುವುದರಿಂದ ನಾದಕ್ಕೆ ಹುಟ್ಟುಗುಣವೊಂದಿದೆ ಎನ್ನಲಾಗದು. ಸಭೆಯೊಡನೆ ದೇವರಿಗೆ ಹಾಡುವಾಗ ಅದೇ ಗಿಟಾರು ಹಿಂದೆ ಸರಿಯಬೇಕಾಗಿ ಬಂದುದರಿಂದ ಅದು ಎಲ್ಲಕ್ಕೂ ಒಗ್ಗುವ ಪಾತ್ರೆಯೆಂದೂ ಹೇಳಲಾಗದು. ನಾದಕ್ಕೆ ಅರ್ಥ ಬರುವುದು ಹಾಡುವವನಿಗೂ ಕೇಳುವವನಿಗೂ ಇರುವ ಸಂಬಂಧದಿಂದ.

ಕನ್ನಡದ ಹಾಡುಪರಂಪರೆಗಳ ಅಧ್ಯಯನಕ್ಕೂ ಇದರಿಂದ ಒಂದು ಸೂಚನೆ ದೊರೆಯುತ್ತದೆ. ಭಕ್ತಿಗೀತೆಗಳನ್ನು ವಸ್ತುವಿನ ಮೇಲೆ ವಿಂಗಡಿಸಿ, ಧಾಟಿಯನ್ನು ಸಂಗೀತಶಾಸ್ತ್ರಕ್ಕೆ ಬಿಟ್ಟುಕೊಡುವ ರೂಢಿಯಿಂದ ಗೀತೆಯ ಅರ್ಧಭಾಗ ಅಧ್ಯಯನದ ಹೊರಗುಳಿಯುತ್ತದೆ. ಯಾರಿಗೆ ಹಾಡಿದ್ದು ಎಂಬ ಪ್ರಶ್ನೆಯನ್ನು ಮೊದಲು ಇಟ್ಟುಕೊಂಡರೆ ವಸ್ತು ಮತ್ತು ಧಾಟಿಗಳೆರಡನ್ನೂ ಒಟ್ಟಿಗೆ ಪರಿಶೀಲಿಸುವುದು ಸಾಧ್ಯವಾಗುತ್ತದೆ.