ಒಂದೇ ಪಾಲು, ಮೂರು ಹೆಸರು: ಶೇಕಡಾ ಲೆಕ್ಕ ಗೆಲ್ಲಲು 8 ಸೂತ್ರಗಳು

ಅಂಗಡಿಯಲ್ಲಿ ಮುಕ್ಕಾಲು ಕೆ.ಜಿ. ಬೀನ್ಸ್‌ಗೆ ಎಷ್ಟಾಯಿತೆಂದು ಥಟ್ಟನೆ ಹೇಳುವವರೇ ಪರೀಕ್ಷೆಯಲ್ಲಿ 3/4 ಕಂಡರೆ ಹೆದರುತ್ತಾರೆ. ಲೆಕ್ಕ ನಿಮಗೆ ಆಗಲೇ ಬರುತ್ತದೆ. ಅದು ವೇಷ ಬದಲಿಸಿ ಬಂದಾಗ ಗುರುತು ಹಿಡಿಯುವುದನ್ನು ಕಲಿತರೆ ಸಾಕು.

1. ಮೊದಲು ಅರ್ಥ, ಆಮೇಲೆ ಸೂತ್ರ. ಶೇಕಡಾ ಎಂದರೆ ನೂರಕ್ಕೆ. ಶೇ. 75 ಎಂದರೆ 75/100. ಅದೇ 0.75, ಅದೇ 3/4. ಮೂರು ಕಾಲು ಸೇರಿ ಮುಕ್ಕಾಲು ಎಂದು ನಮ್ಮ ಮಾತೇ ಹೇಳುತ್ತದೆ.

2. ಗೆರೆ ಕಂಡರೆ ಭಾಗಿಸಿ. 3/8 ಎಂದರೆ 3 ಭಾಗಿಸು 8, ಅಂದರೆ 0.375. ಬಿಂದುವನ್ನು ಎರಡು ಸ್ಥಾನ ಬಲಕ್ಕೆ ಸರಿಸಿ: ಶೇ. 37.5. ಶೇಕಡಾದಿಂದ ದಶಮಾಂಶಕ್ಕೆ ಬರುವಾಗ ಎರಡು ಸ್ಥಾನ ಎಡಕ್ಕೆ. ಶೇ. 6 ಎಂದರೆ 0.06. ಅದನ್ನು 0.6 ಎಂದು ಬರೆದರೆ ಉತ್ತರ ಹತ್ತು ಪಟ್ಟಾಗುತ್ತದೆ.

3. ಬಿಂದುವಿನ ನಂತರ ಎಷ್ಟು ಅಂಕಿ, ಛೇದದಲ್ಲಿ ಅಷ್ಟು ಸೊನ್ನೆ. 0.125 ಎಂದರೆ 125/1000. ಮೇಲೂ ಕೆಳಗೂ 125ರಿಂದ ಭಾಗಿಸಿದರೆ 1/8.

4. ಆಣೆ ಲೆಕ್ಕ ಮರೆಯಬೇಡಿ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ 16 ಆಣೆ. ಎಂಟಾಣೆ ಶೇ. 50, ನಾಲ್ಕಾಣೆ ಶೇ. 25, ಎರಡಾಣೆ ಶೇ. 12.5, ಒಂದಾಣೆ ಶೇ. 6.25. ಪ್ರತಿ ಮೆಟ್ಟಿಲಿಗೂ ಅರ್ಧ. ‘ಹದಿನಾರಾಣೆ ನಿಜ’ ಎಂದರೆ ನೂರಕ್ಕೆ ನೂರು ನಿಜ!

5. ಕೆಲವನ್ನು ಬಾಯಿಪಾಠ ಮಾಡಿ. 1/5 ಶೇ. 20, 1/3 ಸುಮಾರು ಶೇ. 33.33, 1/6 ಸುಮಾರು ಶೇ. 16.67. ಕೊನೆಯ ಎರಡರಲ್ಲಿ ದಶಮಾಂಶ ಮುಗಿಯುವುದೇ ಇಲ್ಲ. ಅಲ್ಲಿ ಭಿನ್ನರಾಶಿಯಲ್ಲೇ ಲೆಕ್ಕ ಮಾಡಿ: 240ರ ಮೂರನೇ ಒಂದು ಪಾಲು 80, ಮುಗಿಯಿತು.

6. ಹತ್ತರಿಂದ ಶುರು ಮಾಡಿ. 850 ರೂಪಾಯಿಗೆ ಶೇ. 18 ಜಿಎಸ್‌ಟಿ ಎಷ್ಟು? ಶೇ. 10 ಅಂದರೆ 85, ಶೇ. 20 ಅಂದರೆ 170. ಅದರಿಂದ 850ರ ಶೇ. 2, ಅಂದರೆ 17 ಕಳೆಯಿರಿ: 153. ಪೆನ್ನು ಬೇಕಿಲ್ಲ. ತಿರುಗಿಸಿಯೂ ನೋಡಿ: 25ರ ಶೇ. 16 ಕಷ್ಟವೆನಿಸಿದರೆ 16ರ ಶೇ. 25 ತೆಗೆಯಿರಿ. ಎರಡೂ 4.

7. ‘ಯಾವುದರಲ್ಲಿ?’ ಎಂದು ಕೇಳಿ. ಎಸ್ಸೆಸ್ಸೆಲ್ಸಿಯ 625ಕ್ಕೆ 500 ಬಂದರೆ ಶೇ. 80. ಇನ್ನು, 1000 ರೂಪಾಯಿ ಸೀರೆಯ ಬೆಲೆಯನ್ನು ಶೇ. 20 ಏರಿಸಿ, ಆಮೇಲೆ ಶೇ. 20 ಇಳಿಸಿದರೆ 1000ಕ್ಕೆ ಮರಳುವುದಿಲ್ಲ, 960 ಆಗುತ್ತದೆ. ಏರಿದ್ದು 1000ದ ಮೇಲೆ, ಇಳಿದದ್ದು 1200ರ ಮೇಲೆ.

8. ದಿನವೂ ಒಂದನ್ನು ಬದಲಿಸಿ ನೋಡಿ. ಒಡವೆಯ ಮೇಲಿನ 916 ಗುರುತು ಎಲ್ಲಿಂದ ಬಂತು? 22 ಕ್ಯಾರೆಟ್ ಎಂದರೆ 24ರಲ್ಲಿ 22 ಪಾಲು ಚಿನ್ನ, ಭಾಗಿಸಿದರೆ 0.9166… ಹಾಗೆಯೇ ‘ನೂರಕ್ಕೆ ಮೂರು ರೂಪಾಯಿ ಬಡ್ಡಿ’ ಎಂಬ ಮಾತು. ಕಿವಿಗೆ ಬಲು ಸಣ್ಣದು. ಆದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ. 36. ಐವತ್ತು ಸಾವಿರದ ಸಾಲಕ್ಕೆ ವರ್ಷದ ಬಡ್ಡಿಯೇ 18,000 ರೂಪಾಯಿ. ಕಾಗದಕ್ಕೆ ಸಹಿ ಹಾಕುವ ಮುನ್ನ ಮನೆಯಲ್ಲಿ ಒಬ್ಬರಾದರೂ ಈ ಗುಣಾಕಾರ ಮಾಡಬೇಕು. ಆ ಒಬ್ಬರು ನೀವೇ ಆಗಿ.